ಹುಳುಕಡ್ಡಿ ಮುಲಾಮುಗಳ ಬೆಲೆ: ಹೋಲಿಸಿ ಕೊಳ್ಳುವ ಕ್ರಮ

ಗ್ರಾಮ ಪಂಚಾಯತಿಗಳ ಎಲ್ಲ ಸದಸ್ಯರ ಅವಗಾಹನೆಗಾಗಿ

ಮಳೆಗಾಲದಲ್ಲಿ ಗದ್ದೆಯ ಕೆಸರಿನಲ್ಲಿ ದುಡಿಯುವವರಿಗೂ ಬೇಸಿಗೆಯಲ್ಲಿ ಬೆವರಿನಿಂದ ನೆನೆಯುವ ಕೂಲಿಕಾರರಿಗೂ ತೊಡೆಸಂದು, ಸೊಂಟ ಹಾಗೂ ಕಾಲ್ಬೆರಳುಗಳ ನಡುವೆ ಹುಳುಕಡ್ಡಿ ಕಾಣಿಸಿಕೊಳ್ಳುವುದು ಸಾಮಾನ್ಯ. ಶಿಲೀಂಧ್ರದಿಂದ ಉಂಟಾಗುವ ಈ ಚರ್ಮರೋಗವು ಒಬ್ಬರಿಂದ ಒಬ್ಬರಿಗೆ ಹರಡುತ್ತದೆ. ಚಿಕಿತ್ಸೆ ವಾರಗಟ್ಟಲೆ ನಡೆಯಬೇಕಾದುದರಿಂದ ಮುಲಾಮಿನ ಬೆಲೆಯು ದಿನಗೂಲಿಯ ಕುಟುಂಬಕ್ಕೆ ಹೊರೆಯಾಗುತ್ತದೆ. ಹಣ ಸಾಲದೆ ಅರ್ಧಕ್ಕೆ ನಿಲ್ಲಿಸಿದರೆ ರೋಗವು ಮರುಕಳಿಸುತ್ತದೆ. ಆದುದರಿಂದ ಬೆಲೆಯನ್ನು ಹೋಲಿಸುವ ಸರಿಯಾದ ಕ್ರಮವನ್ನು ಸದಸ್ಯರು ಅರಿತು ಗ್ರಾಮಸ್ಥರಿಗೆ ತಿಳಿಸುವುದು ಅಗತ್ಯ.

1. ಔಷಧದ ಹೆಸರು ಮತ್ತು ಪ್ರಮಾಣ
ಟ್ಯೂಬಿನ ಮೇಲಿನ ವ್ಯಾಪಾರನಾಮವನ್ನಲ್ಲ, ಒಳಗಿರುವ ಔಷಧದ ಹೆಸರನ್ನು ಓದಬೇಕು. ಕ್ಲೋಟ್ರಿಮಜೋಲ್ ಶೇ. 1, ಮೈಕೊನಜೋಲ್ ಶೇ. 2, ಟರ್ಬಿನಾಫಿನ್ ಶೇ. 1 ಇವು ಸಾಮಾನ್ಯವಾಗಿ ದೊರೆಯುವ ಮುಲಾಮುಗಳು. ಒಂದೇ ಔಷಧ, ಒಂದೇ ಪ್ರಮಾಣವಿರುವ ಟ್ಯೂಬುಗಳನ್ನು ಮಾತ್ರ ಪರಸ್ಪರ ಹೋಲಿಸತಕ್ಕದ್ದು.

2. ಗ್ರಾಂ ಲೆಕ್ಕದ ಬೆಲೆ
ಗರಿಷ್ಠ ಮಾರಾಟ ಬೆಲೆಯನ್ನು ಟ್ಯೂಬಿನ ತೂಕದಿಂದ ಭಾಗಿಸಬೇಕು. ಉದಾಹರಣೆಗೆ, 10 ಗ್ರಾಂ ಟ್ಯೂಬಿಗೆ 45 ರೂಪಾಯಿ ಎಂದಾದರೆ ಗ್ರಾಂಗೆ 4.50 ರೂಪಾಯಿ, 30 ಗ್ರಾಂ ಟ್ಯೂಬಿಗೆ 75 ರೂಪಾಯಿ ಎಂದಾದರೆ ಗ್ರಾಂಗೆ 2.50 ರೂಪಾಯಿ. ಮೊದಲನೆಯದು ಅಗ್ಗವೆಂದು ತೋರಿದರೂ, ಚಿಕಿತ್ಸೆಗೆ 30 ಗ್ರಾಂ ಬೇಕಾದಲ್ಲಿ 60 ರೂಪಾಯಿ ಹೆಚ್ಚು ತೆರಬೇಕಾಗುತ್ತದೆ.

3. ಕಾನೂನಿನ ರಕ್ಷಣೆ
ಔಷಧ ಬೆಲೆ ನಿಯಂತ್ರಣ ಆದೇಶ, 2013ರ ಅನ್ವಯ ಅಗತ್ಯ ಔಷಧಗಳಿಗೆ ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರವು ಮಿತಿ ಬೆಲೆಯನ್ನು ಗೊತ್ತುಪಡಿಸುತ್ತದೆ. ಕ್ಲೋಟ್ರಿಮಜೋಲ್ ಮುಲಾಮು ಈ ಪಟ್ಟಿಯಲ್ಲಿದೆ. ಪಟ್ಟಿಯಲ್ಲಿಲ್ಲದ ಔಷಧಗಳ ಬೆಲೆಯನ್ನು ಹನ್ನೆರಡು ತಿಂಗಳಲ್ಲಿ ಶೇ. 10ಕ್ಕಿಂತ ಹೆಚ್ಚಿಸುವಂತಿಲ್ಲ. ಪ್ರಾಧಿಕಾರದ ‘ಫಾರ್ಮಾ ಸಹಿ ದಾಮ್’ ಮೊಬೈಲ್ ಆ್ಯಪ್‌ನಲ್ಲಿ ಬೆಲೆಗಳನ್ನು ಪರಿಶೀಲಿಸಬಹುದು. ವೈದ್ಯರು ಔಷಧದ ಮೂಲ ಹೆಸರನ್ನೇ ಬರೆದುಕೊಟ್ಟಲ್ಲಿ ಜನೌಷಧಿ ಕೇಂದ್ರದಲ್ಲಿ ಅದೇ ಔಷಧವನ್ನು ಕಡಿಮೆ ಬೆಲೆಗೆ ಕೊಳ್ಳಬಹುದು. ಇದಕ್ಕೂ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ದೊರೆಯುವುದೇ ಎಂದು ವಿಚಾರಿಸುವುದು ಒಳಿತು.

4. ಅಗ್ಗವೆನಿಸಿದರೂ ದುಬಾರಿಯಾಗುವ ಮುಲಾಮು
ಶಿಲೀಂಧ್ರನಾಶಕದ ಜೊತೆಗೆ ಕ್ಲೋಬೆಟಾಸಾಲ್, ಬೆಟಾಮೆಥಾಸೋನ್ ಮೊದಲಾದ ಸ್ಟೀರಾಯ್ಡ್ ಬೆರೆತ ಮುಲಾಮುಗಳೂ ಮಾರುಕಟ್ಟೆಯಲ್ಲಿವೆ. ಇವು ಎರಡು ಮೂರು ದಿನಗಳಲ್ಲಿ ತುರಿಕೆಯನ್ನು ಅಡಗಿಸುತ್ತವೆ. ಆದರೆ ಒಳಗೆ ಸೋಂಕು ಹರಡುತ್ತಲೇ ಇರುತ್ತದೆ. ದೀರ್ಘಕಾಲ ಹಚ್ಚಿದಲ್ಲಿ ಚರ್ಮವು ತೆಳುವಾಗಿ ಬಿರುಕುಗೆರೆಗಳು ಮೂಡುತ್ತವೆ, ರೋಗವನ್ನು ಗುರುತಿಸುವುದೂ ಕಷ್ಟವಾಗುತ್ತದೆ. 2018ರಿಂದ ಇಂತಹ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಬೆಲೆ ಎಷ್ಟೇ ಕಡಿಮೆಯಿರಲಿ, ಇವನ್ನು ಸ್ವಂತ ನಿರ್ಧಾರದಿಂದ ಕೊಳ್ಳಬಾರದು.

5. ಸದಸ್ಯರು ಕೈಗೊಳ್ಳಬಹುದಾದ ಕ್ರಮಗಳು
ಅ) ಮೇಲಿನ ಔಷಧಗಳ ಹೆಸರು, ಗ್ರಾಂ ಲೆಕ್ಕ ಮಾಡುವ ವಿಧಾನ ಮತ್ತು ಸಮೀಪದ ಜನೌಷಧಿ ಕೇಂದ್ರದ ವಿಳಾಸವನ್ನು ಪಂಚಾಯತಿಯ ಸೂಚನಾ ಫಲಕದಲ್ಲಿ ಪ್ರಕಟಿಸುವುದು.
ಆ) ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕಾಂಶ ಸಮಿತಿಯ ಸಭೆಯಲ್ಲಿ ಆಶಾ ಕಾರ್ಯಕರ್ತೆಯರೊಂದಿಗೆ ಈ ವಿಷಯವನ್ನು ಚರ್ಚಿಸುವುದು.
ಇ) ಖರೀದಿಯ ರಸೀದಿ ಪಡೆಯುವಂತೆ ಗ್ರಾಮಸ್ಥರಿಗೆ ತಿಳಿಸುವುದು. ಮುದ್ರಿತ ಬೆಲೆಗಿಂತ ಹೆಚ್ಚು ಹಣ ಪಡೆದಲ್ಲಿ ರಸೀದಿಯೊಂದಿಗೆ ಸಹಾಯಕ ಔಷಧ ನಿಯಂತ್ರಕರಿಗೆ ದೂರು ಸಲ್ಲಿಸಬಹುದು.
ಈ) ಕಲೆ ಮಾಯವಾದರೂ ವೈದ್ಯರು ಹೇಳಿದಷ್ಟು ದಿನ ಮುಲಾಮು ಹಚ್ಚಬೇಕು, ಮನೆಯಲ್ಲಿ ತುರಿಕೆಯಿರುವ ಎಲ್ಲರೂ ಒಟ್ಟಿಗೆ ಚಿಕಿತ್ಸೆ ಪಡೆಯಬೇಕು, ಒಬ್ಬರ ಟವೆಲನ್ನು ಇನ್ನೊಬ್ಬರು ಬಳಸಬಾರದು ಎಂಬುದನ್ನು ಗ್ರಾಮಸಭೆಯಲ್ಲಿ ಮನವರಿಕೆ ಮಾಡಿಕೊಡುವುದು.

ಮಕ್ಕಳು, ಗರ್ಭಿಣಿಯರು, ಮಧುಮೇಹಿಗಳು ಹಾಗೂ ಎರಡು ವಾರಗಳಲ್ಲಿ ಗುಣ ಕಾಣದವರು ಬೆಲೆಯ ಹೋಲಿಕೆಗೆ ತೊಡಗದೆ ಮೊದಲು ವೈದ್ಯಾಧಿಕಾರಿಗಳನ್ನು ಕಾಣತಕ್ಕದ್ದು.