ನಿಮಗಿದು ಗೊತ್ತೆ?: ಕಬ್ಬಿನ ರವದಿ, ಕಣ್ಣಿನ ಗೀರು ಮತ್ತು 18 ಗಂಟೆ

ಬೆಳಗಾವಿ ಜಿಲ್ಲೆಯ ಮಸಗುಪ್ಪಿ ಸೇರಿ ಮೂಡಲಗಿ, ಗೋಕಾಕ, ಹುಕ್ಕೇರಿ ಭಾಗದ ಕಬ್ಬಿನ ಹೊಲಗಳಲ್ಲಿ ರವದಿಯ (ಒಣ ಗರಿಯ) ಅಂಚು ಕಣ್ಣಿಗೆ ತಾಗುವುದು ಕಟಾವಿನವರಿಗೆ ಹೊಸದಲ್ಲ. ಕಣ್ಣು ತೊಳೆದುಕೊಂಡು ಮತ್ತೆ ಕುಡಗೋಲು ಹಿಡಿಯುತ್ತಾರೆ. ಆದರೆ ಕಾರ್ನಿಯಾ (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) ಮೇಲಿನ ಆ ಸಣ್ಣ ಗೀರಿನೊಳಗೆ ಬ್ಯಾಕ್ಟೀರಿಯಾ ಇಲ್ಲವೇ ಶಿಲೀಂಧ್ರ ಸೇರಿದರೆ ಹುಣ್ಣಾಗುತ್ತದೆ. ಮಾಯ್ದರೂ ಬಿಳಿ ಕಲೆ ಉಳಿದು ದೃಷ್ಟಿ ಮಂಜಾಗಬಹುದು.

ನೇಪಾಳದ ಭಕ್ತಪುರದಲ್ಲಿ ನಡೆದು 2001ರಲ್ಲಿ ಪ್ರಕಟವಾದ ಅಧ್ಯಯನದ ಫಲಿತಾಂಶವನ್ನು ಪ್ರತಿ ಕಬ್ಬಿನ ಗ್ಯಾಂಗಿಗೂ ತಿಳಿಸಬೇಕು. ಗೀರು ಬಿದ್ದ 18 ಗಂಟೆಯೊಳಗೆ ಕ್ಲೋರಾಂಫೆನಿಕಾಲ್ ಮುಲಾಮು ಶುರುಮಾಡಿದ ಒಬ್ಬರಿಗೂ ಹುಣ್ಣಾಗಲಿಲ್ಲ. 24 ಗಂಟೆ ದಾಟಿ ಬಂದವರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಮಂದಿಗೆ ಆಯಿತು. ಚಿಕಿತ್ಸೆ ಇಷ್ಟೇ: ದಿನಕ್ಕೆ ಮೂರು ಸಲ, ಮೂರು ದಿನ. ಅದನ್ನು ಕೊಟ್ಟವರು ತರಬೇತಿ ಪಡೆದ ಹಳ್ಳಿಯ ಆರೋಗ್ಯ ಕಾರ್ಯಕರ್ತರು!

ಶಿಲೀಂಧ್ರದ ಹುಣ್ಣು ಆಗಿಯೇಬಿಟ್ಟರೆ? ದಕ್ಷಿಣ ಭಾರತದ ಅರವಿಂದ ಕಣ್ಣಾಸ್ಪತ್ರೆಗಳಲ್ಲಿ 323 ರೋಗಿಗಳೊಂದಿಗೆ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಹಳೆಯ ನಾಟಮೈಸಿನ್ ಹನಿಯೇ ಹೊಸ ವೊರಿಕೊನಜೋಲ್‌ಗಿಂತ ಒಳ್ಳೆಯ ಫಲ ಕೊಟ್ಟಿತು. ಕಣ್ಣು ಕೆಂಪಾಯಿತೆಂದು ಅಂಗಡಿಯಲ್ಲಿ ಕೇಳಿ ತಂದ ಸ್ಟಿರಾಯ್ಡ್ ಹನಿ ಮಾತ್ರ ಬೇಡವೇ ಬೇಡ. ಅದು ಇಂಥ ಹುಣ್ಣನ್ನು ಇನ್ನಷ್ಟು ಕೆರಳಿಸುತ್ತದೆ.