ಹದಿನಾರು ಗರಿಗಳ ಬ್ರೇಕು

ಭಾನುವಾರ ಬೆಳಿಗ್ಗೆ ಶಟ್ಲ್ ಕೋರ್ಟಿಗೆ ಮೊದಲ ಸಲ ಬಂದ ಹುಡುಗನನ್ನು ಗಮನಿಸಿ. ಬೀದಿ ಕ್ರಿಕೆಟ್‌ನಲ್ಲಿ ಪಳಗಿದವನು. ಎದುರಿನಿಂದ ಶಟ್ಲ್ ಎತ್ತರಕ್ಕೆ ಹಾರಿತು. ಕ್ಯಾಚ್ ಹಿಡಿಯುವವನ ಅಂದಾಜಿನಲ್ಲಿ ಅವನು ನಾಲ್ಕು ಹೆಜ್ಜೆ ಹಿಂದೆ ಸರಿದು ರ್‍ಯಾಕೆಟ್ ಎತ್ತಿ ನಿಂತ. ಶಟ್ಲ್ ಅಲ್ಲಿಯವರೆಗೆ ಬರಲೇ ಇಲ್ಲ. ಅವನ ಮುಂದೆ ಎರಡು ಮಾರು ದೂರದಲ್ಲಿ, ಯಾರೋ ಮೇಲಿಂದ ಕೈಬಿಟ್ಟಂತೆ ನೆಟ್ಟಗೆ ಇಳಿದು ಬಿತ್ತು.

ಹುಡುಗನ ಕಣ್ಣಿಗೆ ಗೊತ್ತಿರುವುದು ಚೆಂಡಿನ ಲೆಕ್ಕ. ಎಸೆದ ಚೆಂಡು ಏರಿದ ಓರೆಯಲ್ಲೇ ಹೆಚ್ಚುಕಡಿಮೆ ಇಳಿಯುತ್ತದೆ. ಶಟ್ಲ್ ಓರೆಯಾಗಿ ಏರಿ, ನೆತ್ತಿ ಮುಟ್ಟಿದ ಮೇಲೆ ಬಾವಿಗೆ ಬಿಟ್ಟ ಕೊಡದಂತೆ ನೇರ ಇಳಿಯುತ್ತದೆ. ಬ್ಯಾಡ್ಮಿಂಟನ್ ಕಲಿಯುವವರು ಮೊದಲು ಅರಿಯಬೇಕಾದದ್ದು ಈ ಗುಣವನ್ನೇ. ಹಿಡಿತ, ಹೊಡೆತ, ಹೆಜ್ಜೆ ಎಲ್ಲವೂ ಇದರಿಂದಲೇ ಹುಟ್ಟಿವೆ.

ಹೊಸ ಶಟ್ಲೊಂದನ್ನು ಡಬ್ಬಿಯಿಂದ ತೆಗೆದು ಅಂಗೈ ಮೇಲಿಟ್ಟುಕೊಳ್ಳಿ. ತೂಕವೇ ಇಲ್ಲವೇನೋ ಅನ್ನಿಸುತ್ತದೆ. ನಿಯಮದ ಪ್ರಕಾರ ಅದು 4.74ರಿಂದ 5.50 ಗ್ರಾಂ. ಬುಡದಲ್ಲಿ ತೆಳು ತೊಗಲು ಹೊದಿಸಿದ ಕಾರ್ಕು, ಅದರ ಸುತ್ತ ನೆಟ್ಟ 16 ಗರಿಗಳು. ಹೆಬ್ಬಾತಿನ ಅಥವಾ ಬಾತುಕೋಳಿಯ ರೆಕ್ಕೆಗರಿಗಳಿವು. ಒಂದು ಶಟ್ಲಿನ ಗರಿಗಳೆಲ್ಲ ಒಂದೇ ಬದಿಯ ರೆಕ್ಕೆಯವು. ಎಡಬಲ ಬೆರೆಸಿದರೆ ಬಾಗು ಹೊಂದುವುದಿಲ್ಲ. ಮನೆಯ ಹೆಂಚುಗಳ ಹಾಗೆ ಒಂದರ ಅಂಚು ಇನ್ನೊಂದರ ಮೇಲೆ ಕೂತಿದೆ. ಈ ಒಮ್ಮುಖ ಬಾಗಿನಿಂದಾಗಿ ಶಟ್ಲ್ ಹಾರುತ್ತಲೇ ಬುಗುರಿಯಂತೆ ತಿರುಗುತ್ತದೆ. ಗರಿಗಳ ಕಡ್ಡಿಯನ್ನು ಎರಡು ಸುತ್ತು ದಾರದಿಂದ ಹೆಣೆದು ಅಂಟು ಹಚ್ಚಿರುತ್ತಾರೆ. ಕಡ್ಡಿಗಳ ನಡುವೆ ಕಾಣುವ ಸಂದುಗಳಿಗೂ ಕೆಲಸವಿದೆ. ಗಾಳಿ ಅವುಗಳಲ್ಲಿ ನುಗ್ಗಿ ಶಟ್ಲಿನ ಹಿಂದೆ ಕಲಕುತ್ತದೆ, ಅದರಿಂದ ತಡೆ ಹೆಚ್ಚುತ್ತದೆ. ಸಂದುಗಳನ್ನು ಮುಚ್ಚಿ ನೋಡಿದ ಪ್ರಯೋಗಗಳಲ್ಲಿ ತಡೆ ಇಳಿದಿದೆ.

ಭಾರದ ಹೆಚ್ಚು ಪಾಲು ಕಾರ್ಕಿನಲ್ಲಿ, ಗಾಳಿಯ ಎಳೆತದ ಹೆಚ್ಚು ಪಾಲು ಗರಿಯ ಲಂಗದಲ್ಲಿ. ಹೊಡೆದ ಕ್ಷಣದಲ್ಲಿ ಗರಿ ಮುಂದಾಗಿದ್ದರೂ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಶಟ್ಲ್ ಮಗುಚಿ ಕಾರ್ಕು ಮುಂದಾಗುತ್ತದೆ. ಆದ್ದರಿಂದಲೇ ಪ್ರತಿ ಸಲವೂ ರ್‍ಯಾಕೆಟ್ಟಿಗೆ ಸಿಗುವುದು ಕಾರ್ಕು, ಗರಿಯಲ್ಲ.

ಫ್ರಾನ್ಸಿನ ಕ್ರಿಸ್ಟೋಫ್ ಕ್ಲಾನೆ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ತಡೆಯನ್ನು ಅಳೆದಿದ್ದಾರೆ. ಎಷ್ಟೇ ಎತ್ತರದಿಂದ ಬಿಟ್ಟರೂ ಶಟ್ಲ್ ಬೀಳುವ ವೇಗ ಸೆಕೆಂಡಿಗೆ ಸುಮಾರು 6.7 ಮೀಟರ್ ದಾಟುವುದಿಲ್ಲ, ಅಂದರೆ ಗಂಟೆಗೆ 24 ಕಿ.ಮೀ. ಇದೇ ಲೆಕ್ಕ ಹಿಡಿದರೆ, ಜೋರಾಗಿ ಹೊಡೆದ ಶಟ್ಲ್ ಸುಮಾರು ಮೂರು ಮೀಟರಿಗೊಮ್ಮೆ ತನ್ನ ವೇಗದ ಅರ್ಧವನ್ನು ಕಳೆದುಕೊಳ್ಳುತ್ತದೆ. 2023ರ ಏಪ್ರಿಲ್‌ನಲ್ಲಿ ಜಪಾನಿನಲ್ಲಿ ನಮ್ಮ ಸಾತ್ವಿಕ್‌ಸಾಯಿರಾಜ್ ರಂಕಿರೆಡ್ಡಿ ಗಂಟೆಗೆ 565 ಕಿ.ಮೀ. ವೇಗದ ಸ್ಮ್ಯಾಶ್ ಹೊಡೆದು ಗಿನ್ನೆಸ್ ದಾಖಲೆ ಬರೆದರು. ಅದು ರ್‍ಯಾಕೆಟ್ ಬಿಟ್ಟ ಕ್ಷಣದ ವೇಗ. 13.40 ಮೀಟರ್ ಉದ್ದದ ಅಂಗಳದಲ್ಲಿ ಅಂಥ ಹೊಡೆತಕ್ಕೂ ಎದುರಾಳಿ ರ್‍ಯಾಕೆಟ್ ಒಡ್ಡಬಲ್ಲ ಎಂದರೆ, ನಡುವೆ ಗಾಳಿ ಮಾಡಿದ ಉಪಕಾರವದು.

ಬ್ರೇಕು ಹಿಡಿಯುವುದು ಗಾಳಿ ಆದ್ದರಿಂದ ಊರು ಬದಲಾದರೆ ಶಟ್ಲಿನ ಓಟವೂ ಬದಲಾಗುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಹತ್ತರಲ್ಲೊಂದು ಭಾಗ ಕಡಿಮೆ. ಮಂಗಳೂರಿನಲ್ಲಿ ಗೆರೆಯೊಳಗೆ ಬೀಳುವ ಶಟ್ಲ್ ಬೆಂಗಳೂರಿನಲ್ಲಿ ಆಚೆ ಹೋದೀತು. ಅದಕ್ಕೇ ಡಬ್ಬಿಯ ಮೇಲೆ 75, 76, 77 ಎಂದೆಲ್ಲ ವೇಗದ ಅಂಕಿ ಇರುತ್ತದೆ. ಅಂಕಿ ಹೆಚ್ಚಿದಷ್ಟೂ ಓಟ ಹೆಚ್ಚು. ಎತ್ತರದ ಊರಿಗೆ, ಸೆಕೆಯ ದಿನಕ್ಕೆ ಕಡಿಮೆ ಅಂಕಿಯದನ್ನು ಆರಿಸಬೇಕು. ನೈಲಾನ್ ಶಟ್ಲಿನಲ್ಲಿ ಬುಡದ ಪಟ್ಟಿ ಹಸಿರಾದರೆ ನಿಧಾನ, ನೀಲಿ ಮಧ್ಯಮ, ಕೆಂಪು ವೇಗದ್ದು. ಕಲಿಯುವವರಿಗೆ ಬಾಳಿಕೆ ಬರುವ ನೈಲಾನ್ ಸಾಕು. ಗರಿ ಒಣಗಿದರೆ ಮುರಿಯುತ್ತದೆ. ಆಟದ ಹಿಂದಿನ ದಿನ ಡಬ್ಬಿಯ ಬಾಯನ್ನು ಕುದಿಯುವ ನೀರಿನ ಹಬೆಗೆ ಕೆಲವು ಸೆಕೆಂಡು ಹಿಡಿದು ಮುಚ್ಚಿಡುವ ರೂಢಿ ಆಟಗಾರರಲ್ಲಿದೆ.

ಇನ್ನು ರ್‍ಯಾಕೆಟ್. 80ರಿಂದ 84 ಗ್ರಾಂ ತೂಗುವ, '4ಯು' ಎಂದು ಗುರುತಿಸುವ ರ್‍ಯಾಕೆಟ್ ಹೊಸಬರ ತೋಳಿಗೆ ಹಿತ. ಗಟ್ ಹಾಕಿಸುವಾಗ ಬಿಗಿ 20 ಪೌಂಡಿನ ಆಸುಪಾಸಿನಲ್ಲಿರಲಿ. ಸಡಿಲ ಗಟ್ ತಾನೇ ಹಿಗ್ಗಿ ಶಟ್ಲನ್ನು ಚಿಮ್ಮಿಸುತ್ತದೆ. ಬಿಗಿ ಗಟ್ಟಿನಲ್ಲಿ ಆ ಬಲವನ್ನು ನಿಮ್ಮ ಭುಜವೇ ಕೊಡಬೇಕು. ದುಡ್ಡು ಮಿಕ್ಕರೆ ನೆಲ ಕಚ್ಚುವ ರಬ್ಬರ್ ಅಟ್ಟೆಯ ಶೂಗೆ ಹಾಕಿ. ಮೊದಲ ವರ್ಷ ನಿಮ್ಮ ಪಾದವನ್ನು ಕಾಯುವುದು ಅದೇ.

ಹಿಡಿತ ಕಲಿಯಲು ಸುಲಭ ದಾರಿ ಹಸ್ತಲಾಘವ. ಗಟ್ಟಿನ ಮುಖ ಗೋಡೆಯಂತೆ ನಿಲ್ಲುವ ಹಾಗೆ ರ್‍ಯಾಕೆಟ್ ಹಿಡಿದು, ಪರಿಚಯದವರ ಕೈ ಕುಲುಕುವಂತೆ ಹಿಡಿಯನ್ನು ಹಿಡಿಯಿರಿ. ಬ್ಯಾಕ್‌ಹ್ಯಾಂಡಿಗೆ ಹೆಬ್ಬೆರಳನ್ನು ಹಿಡಿಯ ಅಗಲ ಪಟ್ಟಿಯ ಮೇಲೆ ಒತ್ತಿಕೊಳ್ಳಿ. ಎರಡಕ್ಕೂ ಒಂದೇ ಗುಟ್ಟು: ಬೆರಳು ಸಡಿಲವಿರಲಿ, ಶಟ್ಲ್ ತಾಗುವ ಗಳಿಗೆಯಲ್ಲಿ ಮಾತ್ರ ಬಿಗಿಯಾಗಲಿ. ಐದು ಗ್ರಾಂ ವಸ್ತುವನ್ನು ಓಡಿಸಲು ಬೇಕಾದದ್ದು ರ್‍ಯಾಕೆಟ್ ತುದಿಯ ವೇಗ. ಮುಷ್ಟಿ ಕಚ್ಚಿ ಹಿಡಿದರೆ ಆ ವೇಗ ಸಾಯುತ್ತದೆ. ತಲೆಯ ಮೇಲಿನ ಹೊಡೆತದಲ್ಲಿ ಮೊಣಕೈ ಮೊದಲು ಮೇಲೇಳಬೇಕು, ಹಿಂದೆಯೇ ಮುಂಗೈ ಬೀಗದಕೈ ತಿರುಗಿಸಿದಂತೆ ಹೊರಳಬೇಕು. ಬರೀ ಮಣಿಕಟ್ಟು ಕೊಡಹಿದರೆ ನೋವು ಖಂಡಿತ.

ಶಟ್ಲ್ ಬೇಗ ಸೋಲುವುದರಿಂದ ಈ ಆಟದಲ್ಲಿ ಮೃದು ಹೊಡೆತಕ್ಕೂ ಸ್ಮ್ಯಾಶಿನಷ್ಟೇ ಬೆಲೆ. ನೆಟ್ ದಾಟುತ್ತಲೇ ಉದುರುವ ಡ್ರಾಪ್ ಸಾಧ್ಯವಾಗುವುದು ಆ ಗರಿಗಳ ದೆಸೆಯಿಂದ. ಮಲ್ಲೇಶ್ವರದ ಕೆನರಾ ಯೂನಿಯನ್‌ನಲ್ಲಿ, ಮದುವೆಗಳೂ ನಡೆಯುತ್ತಿದ್ದ ಸಭಾಂಗಣದಲ್ಲಿ ಆಡಿ ಬೆಳೆದ ಪ್ರಕಾಶ್ ಪಡುಕೋಣೆ 1980ರ ಆಲ್ ಇಂಗ್ಲೆಂಡ್ ಫೈನಲ್‌ನಲ್ಲಿ ಎದುರಿಸಿದ್ದು ಜಿಗಿದು ಹೊಡೆಯುವ ಸ್ಮ್ಯಾಶಿಗೆ ಹೆಸರಾದ ಇಂಡೋನೇಷ್ಯಾದ ಲೀಮ್ ಸ್ವೀ ಕಿಂಗ್ ಅವರನ್ನು. ಪ್ರಕಾಶ್ 15-3, 15-10ರಿಂದ ಗೆದ್ದರು. ಅವರ ಆಸ್ತಿ ಬೆರಳ ನಯ, ಎದುರಾಳಿಯ ಅಂದಾಜು ತಪ್ಪಿಸುವ ಜಾಣ್ಮೆ.

ಕಲಿಯುವವರಿಗೆ ನಾನು ಹೇಳುವ ಮೊದಲ ಪಾಠಕ್ಕೆ ನೆಟ್ಟೂ ಬೇಡ, ಎದುರಾಳಿಯೂ ಬೇಡ. ಗಾಳಿಯಾಡದ ಜಾಗದಲ್ಲಿ ನಿಂತು ಶಟ್ಲನ್ನು ನೆತ್ತಿಯ ಮೇಲಕ್ಕೆ ಹೊಡೆಯಿರಿ. ಎಲ್ಲಿ ಮಗುಚಿತು, ಎಲ್ಲಿ ನಿಂತಂತಾಯಿತು, ಎಲ್ಲಿ ಇಳಿಯತೊಡಗಿತು ನೋಡಿ. ಮತ್ತೆ ಹೊಡೆಯಿರಿ. ಆ ಹುಡುಗನೂ ಹೀಗೇ ಮಾಡಲಿ. ನಾಲ್ಕು ವಾರ ಕಳೆಯುವಷ್ಟರಲ್ಲಿ ಅವನ ಪಾದ ತಾನಾಗಿ ಶಟ್ಲಿನ ಕೆಳಗೆ ಹೋಗಿ ನಿಲ್ಲುತ್ತದೆ.