ಎಲೆಯಲ್ಲಿ ಬೆಂದ ಮೀನು

ಮೀನಡಿಗೆಯೆಂದರೆ ಅರ್ಧ ದಿನದ ಕೆಲಸವೆಂದು ಭಾವಿಸಿ ಅದರ ತಂಟೆಗೇ ಹೋಗದವರು ನಮ್ಮಲ್ಲಿ ಅನೇಕರಿದ್ದಾರೆ. ವಾಸ್ತವವಾಗಿ ಮೀನು ಬಹು ಬೇಗನೆ ಬೇಯುವ ಪದಾರ್ಥ. ಹೊತ್ತು ಹಿಡಿಯುವುದು ಮಸಾಲೆ. ಇವೆರಡರ ಕಾಲಮಾನ ಬೇರೆಬೇರೆಯೆಂಬುದನ್ನು ಮರೆತು ಒಂದೇ ಪಾತ್ರೆಯಲ್ಲಿ ಒಟ್ಟಿಗೆ ಕುದಿಸುವುದರಿಂದಲೇ ಎಷ್ಟೋ ಮನೆಗಳಲ್ಲಿ ಮೀನು ಹತ್ತಿಯಂತೆ ಒಣಗಿಯೋ, ಮಸಾಲೆ ಹಸಿವಾಸನೆ ಬೀರಿಯೋ ಊಟ ಕೆಡುತ್ತದೆ. ಆದುದರಿಂದ ಗೊಜ್ಜನ್ನು ಮೊದಲೇ ಪಕ್ವಮಾಡಿಕೊಂಡು, ಮೀನಿಗೆ ಹಚ್ಚಿ, ಬಾಳೆಯೆಲೆಯಲ್ಲಿ ಸುತ್ತಿ ಬೇಯಿಸುವ ಕ್ರಮವೊಂದನ್ನು ಇಲ್ಲಿ ವಿವರಿಸುತ್ತೇವೆ.

ಮೀನು ನೀರಿನ ಆಸರೆಯಲ್ಲಿ ಬದುಕುವ ಜೀವಿ. ತನ್ನ ಭಾರವನ್ನು ಕಾಲಮೇಲೆ ಹೊರುವ ಕುರಿಗೆ ಬೇಕಾದಂತಹ ಬಿಗಿಯಾದ ಕಟ್ಟು ಅದರ ಮಾಂಸಕ್ಕೆ ಬೇಕಾಗಿಲ್ಲ. ಗಿಡ್ಡ ಎಳೆಗಳು ಪದರಪದರವಾಗಿ ಕೂಡಿಕೊಂಡಿರುತ್ತವೆ. ಪದರಗಳ ನಡುವಣ ತೆಳುಪೊರೆ ಸುಮಾರು 50–55 ಡಿಗ್ರಿ ಸೆಂಟಿಗ್ರೇಡ್ ಶಾಖಕ್ಕೇ ಕರಗತೊಡಗುತ್ತದೆ. ಒಳಭಾಗ 63 ಡಿಗ್ರಿ ಮುಟ್ಟಿದರೆ ಮೀನು ಬೆಂದಿತೆಂದೇ ತಿಳಿಯಬೇಕು. ಆಮೇಲೆ ಶಾಖವೇರಿದಷ್ಟೂ ಎಳೆಗಳು ಕುಗ್ಗಿ ತಮ್ಮ ರಸವನ್ನು ತಾವೇ ಹಿಂಡಿಬಿಡುತ್ತವೆ. ಹೋದ ರಸವನ್ನು ಯಾವ ಗೊಜ್ಜೂ ಮರಳಿ ತರಲಾರದು.

ಕೊಳ್ಳುವಾಗಿನ ಎಚ್ಚರ ಅಡಿಗೆಯ ಎಚ್ಚರಕ್ಕಿಂತ ದೊಡ್ಡದು. ಉಬ್ಬಿದ ತಿಳಿಗಣ್ಣು, ಕೆಂಪಾದ ಕಿವಿರು, ಬೆರಳಿನಿಂದ ಒತ್ತಿದರೆ ಮತ್ತೆ ಮೇಲೇಳುವ ಮಾಂಸ, ಇವು ಒಳ್ಳೆಯ ಮೀನಿನ ಗುರುತು. ಬಂಗುಡೆ, ಬೂತಾಯಿಯಂತಹ ಮೀನುಗಳು ಮಂಜುಗಡ್ಡೆಯಿಲ್ಲದೆ ಬಿಸಿಯಲ್ಲಿ ಬಿದ್ದಿದ್ದರೆ, ಸೂಕ್ಷ್ಮಜೀವಿಗಳ ದೆಸೆಯಿಂದ ಅವುಗಳಲ್ಲಿ ಹಿಸ್ಟಮಿನ್ ಎಂಬ ವಸ್ತು ಹುಟ್ಟುತ್ತದೆ. ತಿಂದವರ ಮುಖ ಕೆಂಪೇರಿ, ಮೈ ತುರಿಸಿ, ತಲೆ ಸಿಡಿಯುವುದುಂಟು. ಎಷ್ಟು ಬೇಯಿಸಿದರೂ ಅದು ನಾಶವಾಗದು. ವಾಸನೆಯಿಂದ ಯಾವಾಗಲೂ ಗೊತ್ತಾಗುವುದೂ ಇಲ್ಲ. ಖಾರ ಜಾಸ್ತಿ ಹಾಕಿದರೆ ಹಳೆಯ ಮೀನೂ ನಡೆದೀತೆಂಬ ಮಾತು ಕೆಲವರಲ್ಲಿದೆ. ಇದು ಅಪಾಯದ ಮಾತು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ವರೆಗೆ ಯಂತ್ರದ ದೋಣಿಗಳು ಕಡಲಿಗಿಳಿಯುವಂತಿಲ್ಲವಾದ ಕಾರಣ, ಆ ದಿನಗಳಲ್ಲಿ ಎರಡರಷ್ಟು ಪರೀಕ್ಷಿಸಿಯೇ ಕೊಳ್ಳಬೇಕು.

ನಾಲ್ವರಿಗೆ ಒಂದು ಅಂಗುಲ ದಪ್ಪದ ಅಂಜಲ್ ಮೀನಿನ ನಾಲ್ಕು ತುಂಡುಗಳು ಸಾಕು. ತೊಳೆದು, ನೀರೊರಸಿ, ಉಪ್ಪು ಅರಿಸಿನ ಸವರಿ ಕಾಲು ಗಂಟೆ ಇಟ್ಟಿರಬೇಕು. ಅಷ್ಟರಲ್ಲಿ ಗೊಜ್ಜು ಸಿದ್ಧವಾಗುತ್ತದೆ. ತುಳುನಾಡಿನಲ್ಲಿ ಇದನ್ನು ಪುಳಿಮುಂಚಿ ಎನ್ನುವರು. ಪುಳಿಯೆಂದರೆ ಹುಳಿ, ಮುಂಚಿಯೆಂದರೆ ಮೆಣಸು. ಎಂಟು ಬ್ಯಾಡಗಿ ಮೆಣಸಿನಕಾಯಿ, ಒಂದು ದೊಡ್ಡ ಚಮಚ ಕೊತ್ತಂಬರಿ ಬೀಜ, ಅರ್ಧ ಚಿಕ್ಕ ಚಮಚ ಜೀರಿಗೆ, ನಾಲ್ಕಾರು ಕರಿಮೆಣಸಿನ ಕಾಳು, ಇವನ್ನು ಹದವಾಗಿ ಹುರಿದು, ಆರು ಎಸಳು ಬೆಳ್ಳುಳ್ಳಿ ಮತ್ತು ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣಿನೊಡನೆ ನುಣ್ಣಗೆ ಅರೆಯಬೇಕು. ತೆಂಗಿನೆಣ್ಣೆಯಲ್ಲಿ ಹೆಚ್ಚಿದ ಈರುಳ್ಳಿ ಕೆಂಪಾದ ಮೇಲೆ ಈ ಮಸಾಲೆಯನ್ನು ಹಾಕಿ, ಉಪ್ಪು ಬೆರಸಿ, ಎಣ್ಣೆ ಅಂಚಿನಲ್ಲಿ ಬಿಟ್ಟುಕೊಳ್ಳುವ ತನಕ ಸಣ್ಣ ಉರಿಯಲ್ಲಿ ಬಾಡಿಸಬೇಕು. ಇಲ್ಲಿ ಅವಸರ ಸಲ್ಲದು. ಬ್ಯಾಡಗಿಯಲ್ಲಿ ಬಣ್ಣ ಹೆಚ್ಚು, ಉರಿ ಕಡಿಮೆ. ಆ ಬಣ್ಣ ಎಣ್ಣೆಯಲ್ಲಿ ಕರಗುವಂಥದು. ಎಣ್ಣೆ ಕೆಂಪಗೆ ಹೊಳೆಯುವುದು ಪಾಕ ಮುಗಿದುದರ ಸಾಕ್ಷಿ. ಹುಣಸೆಯಾದರೋ ರುಚಿಗಷ್ಟೇ ಅಲ್ಲ. ಮೀನಿನ ವಾಸನೆಗೆ ಕಾರಣವಾದ ವಸ್ತುಗಳನ್ನು ಆಮ್ಲವು ಹಿಡಿದಿಟ್ಟು ಅವು ಗಾಳಿಗೇರದಂತೆ ಮಾಡುತ್ತದೆ. ತೆಂಗಿನ ಹಾಲು ಬೆರಸುವವರೂ ಇದ್ದಾರೆ. ನಮಗೆ ಅದು ಸೇರದು, ಗೊಜ್ಜಿನ ಮೊನೆ ಮೊಂಡಾಗುತ್ತದೆ.

ಬಾಳೆಯೆಲೆಯನ್ನು ಕೆಂಡದ ಮೇಲೆ ಬಾಡಿಸಿದರೆ ಮಡಿಸುವಾಗ ಸೀಳುವುದಿಲ್ಲ. ಗೊಜ್ಜನ್ನು ತುಂಡುಗಳ ಎರಡು ಮಗ್ಗುಲಿಗೂ ಸವರಿ, ಒಂದೊಂದನ್ನೂ ಪೊಟ್ಟಣ ಕಟ್ಟಬೇಕು. ಅಲ್ಯೂಮಿನಿಯಂ ಹಾಳೆಯನ್ನು ಬಳಸುವವರು ಒಳಗೊಂದು ಎಲೆಯನ್ನು ಹಾಸುವುದು ಲೇಸು. ಹುಳಿ ಆ ಲೋಹವನ್ನು ಸ್ವಲ್ಪಸ್ವಲ್ಪವಾಗಿ ಕರಗಿಸುತ್ತದೆ. ಮೊದಲೇ 230 ಡಿಗ್ರಿಗೆ ಕಾಯಿಸಿಟ್ಟ ಓವನ್ನಿನಲ್ಲಿ ಅಂಗುಲ ದಪ್ಪಕ್ಕೆ ಹತ್ತು ನಿಮಿಷ, ಸುತ್ತಿದ ಪೊಟ್ಟಣವಾದರೆ ಇನ್ನೈದು ನಿಮಿಷವೆಂಬುದು ಕೆನಡಾ ದೇಶದ ನಿಯಮವೆಂದು ಹೆಸರಾದ ಲೆಕ್ಕ. ತೂಕವನ್ನಲ್ಲ, ದಪ್ಪವನ್ನೇ ಅಳೆಯಬೇಕು. ಓವನ್ನಿಲ್ಲದವರು ದಪ್ಪ ತಳದ ಪಾತ್ರೆಯಲ್ಲಿ ಪೊಟ್ಟಣಗಳನ್ನಿಟ್ಟು, ತಟ್ಟೆ ಮುಚ್ಚಿ, ಮೇಲೂ ಕೆಳಗೂ ಕೆಂಡವಿಡಬಹುದು. ಕಾವಲಿಯ ಮೇಲೆ ಮುಚ್ಚಿ ಸಣ್ಣ ಉರಿಯಲ್ಲಿ ಮಗುಚಿ ಬೇಯಿಸಿದರೂ ಬಾಧಕವಿಲ್ಲ.

ಒಂದು ಪೊಟ್ಟಣವನ್ನು ಬಿಚ್ಚಿ, ದಪ್ಪವಾದ ಭಾಗಕ್ಕೆ ಚಾಕುವಿನ ತುದಿಯನ್ನು ಊರಿ ನೋಡಬೇಕು. ಪದರಗಳು ತಾವಾಗಿ ಬೇರ್ಪಟ್ಟು, ಒಳಗೆಲ್ಲ ಬೆಳ್ಳಗೆ ಕಂಡರೆ ಆಗಿಂದಾಗಲೇ ಇಳಿಸಬೇಕು. ಗಾಜಿನಂತೆ ಕಂಡರೆ ಇನ್ನೆರಡು ನಿಮಿಷ ಬೇಕು. ಕುಚ್ಚಲಕ್ಕಿಯ ಅನ್ನವಾಗಲಿ ನೀರುದೋಸೆಯಾಗಲಿ ಇದಕ್ಕೆ ಒಪ್ಪುತ್ತದೆ. ಪೊಟ್ಟಣಗಳನ್ನು ಅಡಿಗೆಮನೆಯಲ್ಲೇ ಬಿಚ್ಚದೆ ಬಡಿಸುವಾಗ ಬಿಚ್ಚಿ, ಎಲೆಯಲ್ಲಿ ನಿಂತ ರಸವನ್ನು ಮೀನಿನ ಮೇಲೆಯೇ ಸುರಿಯಬೇಕು.